ಅಪ್‌ಡೇಟ್: ಹಾಸನದಲ್ಲೇ ಕೂತು ಸಿಎಂಇ ಗಂಟೆ ಹೊಂದಿಸಿದ್ದು

ನರ್ಸಿಂಗ್ ಹೋಂ ನಡೆಸೋ ಜನರಲ್ ಸರ್ಜನ್ ನಾನು. 5 ವರ್ಷಕ್ಕೆ 30 ಗಂಟೆ ಸಿಎಂಇ (ಡಾಕ್ಟರುಗಳ ಮುಂದುವರಿದ ಕಲಿಕೆ) ಆಗ್ಬೇಕು, ಪದೇ ಪದೇ ಬೆಂಗಳೂರಿಗೆ ಓಡಾಡಕ್ಕಾಗಲ್ಲ, ಏನ್ಮಾಡ್ಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ.

ಆಗ ಬಂದ ಸಲಹೆಗಳಲ್ಲಿ ವಾರಾಂತ್ಯದ ಕಾನ್ಫರೆನ್ಸ್ ನಡೀಲಿಲ್ಲ. ಹೊರಡೋ ಹೊತ್ತಿಗೆ ಕರುಳು ತೂತಾದ ಕೇಸ್ ಬಂತು. ರೆಕಾರ್ಡೆಡ್ ಉಪನ್ಯಾಸಗಳು ಕೇಳೋಕೆ ಚೆನ್ನ, ಆದ್ರೆ ಹಲವಕ್ಕೆ ಮೆಡಿಕಲ್ ಕೌನ್ಸಿಲ್ ಕ್ರೆಡಿಟ್ಟೇ ಇಲ್ಲ. ಸೇರೋ ಮೊದ್ಲು ನೋಡ್ಕೊಳ್ಳಿ.

ಕೈಹಿಡಿದದ್ದು ಚನ್ನರಾಯಪಟ್ಟಣದ ಮೇಡಂ ಹೇಳಿದ್ದು: ಊರಿನ ಐಎಂಎ (ಭಾರತೀಯ ವೈದ್ಯಕೀಯ ಸಂಘ) ಶಾಖೆಯ ಸಂಜೆ ಸಿಎಂಇ. ಗಂಟೆ ನಿಧಾನಕ್ಕೆ ಸೇರುತ್ತೆ, ಆದ್ರೆ ಸೇರುತ್ತೆ.

ನಿರೀಕ್ಷೆ ಮಾಡದೇ ಇದ್ದ ಲಾಭ ಬೇರೆ. ಅಲ್ಲಿ ನಮ್ಮನಮ್ಮ ಪಿತ್ತಕೋಶ ತೆಗೆಯೋ ಲ್ಯಾಪರೋಸ್ಕೋಪಿ (ಸಣ್ಣ ತೂತಿನ ಸರ್ಜರಿ) ವಿಡಿಯೋ ಹಾಕ್ಕೊಂಡು ನೋಡಿದ್ವಿ. ಸ್ಟ್ರಾಸ್‌ಬರ್ಗ್ ಮತ್ತವರ ಸಂಗಡಿಗರು 1995ರಲ್ಲಿ ಹೇಳಿದ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' (ಕತ್ತರಿಸೋ ಮೊದ್ಲು ಕಾಣಲೇಬೇಕಾದ ನೋಟ) ಎಲ್ಲರಿಗೂ ಬಾಯಿಪಾಠ: ಪಿತ್ತನಾಳಗಳಿಗೂ ಲಿವರ್‌ಗೂ ನಡುವಿನ ತ್ರಿಕೋನದ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬೇರೆಯಾಗಿರಬೇಕು, ಪಿತ್ತಕೋಶದ ಒಳಹೋಗೋ ರಚನೆ ಎರಡೇ (ಅದರ ನಾಳ, ರಕ್ತನಾಳ) ಕಾಣಬೇಕು. ಆಮೇಲೇ ಅವಕ್ಕೆ ಕ್ಲಿಪ್ ಹಾಕಿ ಕತ್ತರಿಸೋದು. ಚಿತ್ರ ನಿಲ್ಲಿಸಿ 'ಎಲ್ರೀ, ತೋರ್ಸಿ' ಅಂದಾಗ ಮಾತ್ರ ಜಗಳವೇ ಆಯ್ತು! ಆ ನೋಟ ಕಾಣದಿದ್ರೆ ಸಬ್‌ಟೋಟಲ್ (ಪಿತ್ತಕೋಶದ ಸ್ವಲ್ಪ ಭಾಗ ಬಿಟ್ಟು ಉಳಿದದ್ದು ತೆಗೆಯೋದು) ಮಾಡಿ ಹೊರಬನ್ನಿ ಅನ್ನೋದಕ್ಕೆ ಹಿರಿಯರೊಬ್ಬರು ಇನ್ನೂ ಒಪ್ಪಿಲ್ಲ.

ಮುಂದಿನ ತಿಂಗಳು ಹರ್ನಿಯಾ. ವಿಡಿಯೋ ನನ್ನದು.