ನಮೂನೆ 'ಸಿ' ಹಾಕುವ ಮುನ್ನ: ಬಿಳಿಗಿರಿ ಸೋಲಿಗರಿಂದ ಕಲಿಯಬೇಕಾದ್ದೇನು?

ಕಬಿನಿ_ದಂಡೆ:
ಎಚ್.ಡಿ. ಕೋಟೆ ಕಡೆಯ ಒಂದು ಜೇನುಕುರುಬ ಹಾಡಿ (ಆದಿವಾಸಿ ಊರು) ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕಿಗೆ, ಅಂದರೆ ಊರಿನವರೇ ಒಟ್ಟಾಗಿ ತಮ್ಮ ಕಾಡನ್ನು ಬಳಸಿ ಕಾಯುವ ಹಕ್ಕಿಗೆ, ನಮೂನೆ 'ಸಿ'ಯಲ್ಲಿ ಅರ್ಜಿ ಸಿದ್ಧ ಮಾಡುತ್ತಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಗಡಿ ತೋರಿಸುವುದು ಹೇಗೆ? ಹಕ್ಕು ಸಿಕ್ಕ ಮೇಲೆ ಕಾಡು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಕೆಲಸ ಎಲ್ಲಿಂದ ಶುರುವಾಗಬೇಕು?

ಕಲ್ಲುಗುಡಿ:
ಅರಣ್ಯ ಇಲಾಖೆಯ ಬೀಟ್ ನಕ್ಷೆ (ಗಾರ್ಡುಗಳ ಗಸ್ತಿಗೆ ಕಾಡನ್ನು ಹಂಚಿದ ನಕ್ಷೆ) ಮುಂದಿಟ್ಟುಕೊಂಡು ಶುರು ಮಾಡಬೇಡಿ. ಜೇನು, ನೆಲ್ಲಿ ಸಿಗುವ ಜಾಗವನ್ನಷ್ಟೇ ಗುರುತಿಸಿದರೂ ಗಡಿ ಕುಗ್ಗಿಹೋಗುತ್ತದೆ. ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಅದರದೇ ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು (ಇವು ಪೂಜೆಯ ತಾಣಗಳು), ಕಲ್ಲುಗುಡಿ (ಸಮಾಧಿ ಸ್ಥಳ), ಅಬ್ಬಿ (ನೀರಿನ ತಾಣ). ನೀರು, ಸಮಾಧಿ, ಪೂಜೆ ಮೂರೂ ಸೇರಿದ ನಕ್ಷೆ ಅದು. ನಿಮ್ಮ ಹಾಡಿಯ ಹಿರಿಯರನ್ನು ಕರೆದುಕೊಂಡು ನಡೆದು ಹಳ್ಳ, ಬಂಡೆ, ದೇವರ ಮರ, ಹಳೆಯ ಹಾಡಿಯ ಕುರುಹು ಎಲ್ಲವನ್ನೂ ಹೆಸರು ಸಮೇತ ಬರೆದುಕೊಳ್ಳಿ.

ಅರ್ಜಿಗಳನ್ನು ಪರಿಶೀಲಿಸಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ ಇರಬೇಕು. ಕನಿಷ್ಠ ಮೂರನೇ ಎರಡರಷ್ಟು ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದರಷ್ಟು ಹೆಂಗಸರು. ಗ್ರಾಮಸಭೆಗೆ ಅರ್ಧಕ್ಕಿಂತ ಕಡಿಮೆ ಜನ ಬಂದಿದ್ದರೆ ಠರಾವು ನಿಲ್ಲುವುದಿಲ್ಲ. ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು.

ಅರ್ಜಿಗಳು ಬೀಳುವುದು ಹೆಚ್ಚಾಗಿ ಸ್ಥಳ ಪರಿಶೀಲನೆಯ ಹಂತದಲ್ಲಿ. ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಮೊದಲೇ ಲಿಖಿತ ನೋಟಿಸ್ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ಅವರು ಬಾರದೆ ಆಮೇಲೆ ತಕರಾರು ತೆಗೆದರೆ ಅರ್ಜಿ ಮರುಪರಿಶೀಲನೆಗೆ ವಾಪಸು ಬರುತ್ತದೆ. ಎರಡನೇ ಸಲವೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಆ ಸ್ವೀಕೃತಿ ಇಲ್ಲದಿದ್ದರೆ ಈ ನಿಯಮ ನಿಮ್ಮ ಕೈಗೆ ಸಿಗುವುದಿಲ್ಲ. 75 ವರ್ಷದಿಂದ ಅಲ್ಲಿ ವಾಸವಿರುವ ದಾಖಲೆ ಕೇಳಿದರೆ ಒಪ್ಪಬೇಡಿ; ಅದು ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ, ಪರಿಶಿಷ್ಟ ಪಂಗಡಕ್ಕಲ್ಲ. ಪಕ್ಕದ ಹಾಡಿಯ ಗಡಿ ನಿಮ್ಮದರ ಮೇಲೆ ಬಂದರೆ ಎರಡೂ ಸಮಿತಿ ಒಟ್ಟಿಗೆ ಕೂತು ಬಗೆಹರಿಸಿಕೊಳ್ಳಬೇಕು.

ಬೆಟ್ಟದನೆಲ್ಲಿ:
ಎರಡನೇ ಪ್ರಶ್ನೆಗೆ: ನೆಲ್ಲಿಯಿಂದ ಶುರು ಮಾಡಿ. ಕಾಯಿಗಾಗಿ ಕೊಂಬೆ ಕಡಿದರೆ ಮುಂದಿನ ವರ್ಷದ ಫಸಲೂ ಅದರ ಜೊತೆಗೇ ಹೋಯಿತು. ಮರ ಹತ್ತಿ ಕೈಯಲ್ಲೇ ಬಿಡಿಸಬೇಕು, ಒಂದಷ್ಟು ಕಾಯಿ ಮರದಲ್ಲೇ ಬಿಡಬೇಕು. ಜಿಂಕೆ, ಕಾಡುಕುರಿ ತಿಂದು ಬೀಜ ಉಗುಳಿದ ಕಡೆ ಹೊಸ ಸಸಿ ಏಳುತ್ತದೆ. ಎಷ್ಟು ಬಿಡಬೇಕೆಂಬುದನ್ನು ಗ್ರಾಮಸಭೆ ಕೊಯ್ಲಿಗೆ ಮುಂಚೆ ತೀರ್ಮಾನಿಸಿ ಬರೆದಿಡಲಿ.

ಕೊಯ್ಲಿಗಿಂತಲೂ ದೊಡ್ಡ ಕಾಟ ಮರದ ಕೊಂಬೆಗೆ ಅಂಟಿ ಅದರ ಸಾರ ಹೀರುವ ಬಂದಳಿಕೆಯದು; ಸೋಲಿಗರು ಇದನ್ನು ಉಪ್ಪಿಲು ಅನ್ನುತ್ತಾರೆ. ಬೇಸಿಗೆಯಲ್ಲಿ ನೆಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತಾಗ ಇದು ಮಾತ್ರ ದಪ್ಪ ಹಸಿರು ಗೊಂಚಲಾಗಿ ದೂರದಿಂದಲೇ ಕಾಣುತ್ತದೆ. ಗುರುತಿಸಲು ಅದೇ ಸರಿಯಾದ ಕಾಲ. ಗೊಂಚಲನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಕೊಂಬೆಯ ಒಳಗಿರುತ್ತದೆ. ಅಂಟಿಕೊಂಡ ಜಾಗದಲ್ಲಿ ಕೊಂಬೆ ಊದಿಕೊಂಡಿರುತ್ತದೆ. ಅದರಿಂದ ಸುಮಾರು ಒಂದಡಿ ಕೆಳಗೆ, ಮರದ ಬುಡದ ಕಡೆಗೆ, ಕತ್ತರಿಸಿ. ಬಂದಳಿಕೆ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು. ತಡವಾದರೆ ಹಕ್ಕಿಗಳು ಅಂಟು ಬೀಜವನ್ನು ಪಕ್ಕದ ಮರಕ್ಕೆ ಒರೆಸಿಬಿಡುತ್ತವೆ.

ಕಬಿನಿ_ದಂಡೆ:
ಉಪಯುಕ್ತ ಮಾಹಿತಿ, ಇಬ್ಬರಿಗೂ ಧನ್ಯವಾದ. ಸೋಲಿಗರು ಹಿಂದೆ ಹಾಕುತ್ತಿದ್ದ ತರಗು ಬೆಂಕಿಯನ್ನು ಗ್ರಾಮಸಭೆಯೇ ಹಾಕಬಹುದೇ? ಲಾಂಟಾನಾ (ಕಾಡನ್ನು ಆವರಿಸುವ ಕಳೆ ಪೊದೆ) ಆಳೆತ್ತರ ಬೆಳೆದಿದೆ.

ಕಲ್ಲುಗುಡಿ:
ನೀವಾಗಿಯೇ ಹಾಕಬೇಡಿ, ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತದೆ. ತರಗು ಬೆಂಕಿ ಅಂದರೆ ಬೇಸಿಗೆ ಬಲಿಯುವ ಮುಂಚೆ, ನೆಲದ ಒಣ ಎಲೆಯಷ್ಟೇ ಉರಿದು ಆರುವ ಸಣ್ಣ ಬೆಂಕಿ. ಅದು ನಿಂತ ಮೇಲೆ ಲಾಂಟಾನಾ, ಉಪ್ಪಿಲು ಎರಡೂ ಹೆಚ್ಚಿದವು ಎಂಬುದು ಸೋಲಿಗ ಹಿರಿಯರ ಮಾತು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಈಗ ಲಾಂಟಾನಾ ತುಂಬಿದ ಕಾಡಿಗೆ ಅದೇ ಬೆಂಕಿ ತಗುಲಿದರೆ ಪೊದೆ ಏರಿ ಮರದ ನೆತ್ತಿಗೇ ಹೋಗುತ್ತದೆ. ಹಾಗಾಗಿ ಮೊದಲು ಲಾಂಟಾನಾ ತೆಗೆಯಬೇಕು. ಬೆಂಕಿಯ ವಿಷಯವನ್ನು ಗ್ರಾಮಸಭೆಯ ನಿರ್ವಹಣಾ ಯೋಜನೆಯಲ್ಲಿ ಬರೆದು, ಇಲಾಖೆಯ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಬೆಟ್ಟದನೆಲ್ಲಿ:
ಲಾಂಟಾನಾವನ್ನು ನೆಲದ ಮೇಲೆ ಸವರಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಬರುತ್ತವೆ. ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಗುದ್ದಲಿಯಿಂದ ತಾಯಿಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಿಸಿ. ಮಳೆ ಬಿದ್ದ ಮೇಲೆ ಹಕ್ಕಿ ಕೂರುವ ಮರಗಳ ಬುಡದಲ್ಲಿ ಬರುವ ಸಸಿಗಳನ್ನು ಮುಂದಿನ ಎರಡು ವರ್ಷವೂ ಕೀಳುತ್ತಿರಬೇಕು. ಖಾಲಿಯಾದ ಜಾಗಕ್ಕೆ ಅಲ್ಲಿನದೇ ಹುಲ್ಲಿನ ಬೀಜ ಚೆಲ್ಲಿ.