ಕುದುರೆ ಸವಾರಿಗೆ ಹೋಗುವಾಗ ಯಾವ ಚಾಕು ಇಟ್ಟುಕೊಳ್ಳಲಿ?

ಶಿರಸಿಯವಳು, ಕೋಥ್ರೂಡ್

ನಮಸ್ಕಾರ. ಪುಣೆ ಹೊರವಲಯದ ಒಂದು ಲಾಯದಲ್ಲಿ ಸವಾರಿ ಕಲಿಯುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ಮುಳಶಿ ಕಡೆ ಎರಡು ದಿನದ ಟ್ರೇಲ್ ಇದೆ. ತರಬೇಕಾದ ಸಾಮಾನಿನಲ್ಲಿ "ಚಾಕು ಅಥವಾ ಮಲ್ಟಿಟೂಲ್" ಅಂತ ಬರೆದಿದ್ದಾರೆ, ಯಾವುದು ಅಂತ ಹೇಳಿಲ್ಲ. ನನ್ನ ಹತ್ತಿರ ಅಣ್ಣ ಕೊಟ್ಟ ವಿಕ್ಟೋರಿನಾಕ್ಸ್ ಮಡಚುವ ಚಾಕು ಇದೆ. 91 ಮಿ.ಮೀ.ನದ್ದು, ಕೆಂಪು ಹಿಡಿ. ಅಂಗಡಿಯಲ್ಲಿ ಲೆದರ್‌ಮನ್ ಕಂಪನಿಯ ವೇವ್ ಅನ್ನೋ ಮಲ್ಟಿಟೂಲ್ (ಚಾಕು, ಇಕ್ಕಳ ಎಲ್ಲ ಒಂದರಲ್ಲೇ ಮಡಚಿರುವಂಥದ್ದು) ನೋಡಿದೆ, ಇಷ್ಟವಾಯಿತು, ಆದರೆ ಭಾರ ಅನ್ನಿಸಿತು. ಗೆಳತಿ ಮಾತ್ರ ಒರೆಯಲ್ಲಿಡುವ ಉದ್ದ ಚಾಕೇ ತಗೋ ಅಂತಾಳೆ. ಗೊರಸಿಗೆ ಕಲ್ಲು ಸಿಕ್ಕಿದರೆ ತೆಗೆಯಲೂ ಅದೇ ಆಗುತ್ತಲ್ವಾ? ಇನ್ನೊಂದು, ಎಲ್ಲಿ ಇಟ್ಟುಕೊಳ್ಳಬೇಕು? ಸೊಂಟದಲ್ಲೋ, ಜೀನಿನ ಚೀಲದಲ್ಲೋ?

ಧಾರವಾಡದ ಸವಾರ

ಮೇಡಂ, ಮೊದಲು ಚಾಕು ಯಾತಕ್ಕೆ ಅನ್ನೋದನ್ನ ನೋಡೋಣ. ಹಣ್ಣು ಕೊಯ್ಯಲು ಯಾವುದಾದರೂ ಆದೀತು. ಸವಾರನಿಗೆ ಚಾಕು ಬೇಕಾಗುವುದು ಹಗ್ಗಕ್ಕೆ.

ಕಟ್ಟಿಹಾಕಿದ ಕುದುರೆ ಬೆದರಿ ಹಿಂದಕ್ಕೆ ಜಗ್ಗುತ್ತದೆ. ಕಿವಿಯ ಹಿಂದೆ ಹಾಲ್ಟರ್ (ಕಟ್ಟಿಹಾಕಲು ತಲೆಗೆ ಹಾಕುವ ಪಟ್ಟಿ) ಬಿಗಿದಷ್ಟೂ ಇನ್ನೂ ಜೋರಾಗಿ ಜಗ್ಗುತ್ತದೆ. ನಮ್ಮ ಲಾಯಗಳಲ್ಲಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು ಜಾಸ್ತಿ. ಒಂದೊಂದು 400 ಕಿಲೋ ಮೇಲೆಯೇ ತೂಗುತ್ತದೆ. ಅಷ್ಟು ಭಾರ ಬಿದ್ದ ನೈಲಾನ್ ಹಗ್ಗದಲ್ಲಿ, ಎಳೆದರೆ ಬಿಚ್ಚುವ ಗಂಟು ಕೂಡ ಕಚ್ಚಿಕೊಂಡುಬಿಡುತ್ತದೆ.

ಒಮ್ಮೆ ಮುಳಶಿ ಹಿನ್ನೀರಿನ ಹತ್ತಿರ ಊಟಕ್ಕೆ ನಿಲ್ಲಿಸಿದ್ದೆವು. ಒಂದು ಹೆಣ್ಣು ಕುದುರೆ ಮುಂಗಾಲನ್ನು ಹಗ್ಗದ ಆಚೆ ಹಾಕಿಬಿಟ್ಟಿತು. ಪಕ್ಕದಲ್ಲೇ ಕಾರ್ವಿ ಪೊದೆ, ಹಗ್ಗ ಅದಕ್ಕೂ ಸುತ್ತಿಕೊಂಡಿತು. ನಮ್ಮ ಸಾಯಿಸ್ (ಕುದುರೆ ನೋಡಿಕೊಳ್ಳುವವರು) ಅದರ ಭುಜದ ಪಕ್ಕ ನಿಂತು, ಎಡಗೈಯಲ್ಲಿ ಹಾಲ್ಟರ್ ಹಿಡಿದು, ಬಲಗೈಯ ಮಡಚುವ ಚಾಕನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಅದು ಉಗುರು ಹಾಕಿ ಎರಡು ಕೈಯಲ್ಲಿ ತೆರೆಯುವ ಚಾಕು. ಕುದುರೆ ಉಳಿಯಿತು. ಆದರೆ ಆ ಹಲ್ಲಿನ ಕೆಲಸ ನೋಡಿದ ಮೇಲೆ ನನ್ನ ಮಟ್ಟಿಗೆ ಒಂದೇ ಪರೀಕ್ಷೆ: ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ತೆರೆಯಬೇಕು, ತೆರೆದ ಮೇಲೆ ಲಾಕ್ ಆಗಬೇಕು.

ನಿಮ್ಮ 91 ಮಿ.ಮೀ. ವಿಕ್ಟೋರಿನಾಕ್ಸ್‌ನಲ್ಲಿ ಇವೆರಡೂ ಇಲ್ಲ. ವೇವ್‌ನಲ್ಲಿ ಎರಡೂ ಇವೆ. ಅಲ್ಲದೆ ಗರಗಸದಂಥ ಹಲ್ಲಿರುವ ಬ್ಲೇಡ್ ಬೇರೆಯಾಗಿಯೇ ಹೊರಬದಿಯಲ್ಲಿದೆ. ಒದ್ದೆ ನೈಲಾನ್ ಮೇಲೆ ನಯವಾದ ಅಲಗು ಜಾರುತ್ತದೆ, ಹಲ್ಲಿನದು ಹಿಡಿದು ಕೊಯ್ಯುತ್ತದೆ. ಭಾರ 241 ಗ್ರಾಂ, ನಿಜ. ಅಷ್ಟು ಬೇಡವೆಂದರೆ ಅದೇ ಕಂಪನಿಯ ಸ್ಕೆಲಿಟೂಲ್ ನೋಡಿ, 142 ಗ್ರಾಂ. ಅದರಲ್ಲಿ ಅರ್ಧ ನಯ ಅರ್ಧ ಹಲ್ಲು ಇರುವ ಬ್ಲೇಡ್‌ನದ್ದು ತಗೊಳ್ಳಿ. ಇಕ್ಕಳವೂ ಇದೆ. ನಾನು ಇಟ್ಟುಕೊಳ್ಳುವುದು ಅದನ್ನೇ.

ಕೊಂಡ ಮೇಲೆ ಸುಮ್ನೆ ಡಬ್ಬದಲ್ಲಿ ಇಡಬೇಡಿ. ರವಿವಾರ ಪೇಠದ ಬೋಹ್ರಿ ಆಳಿಗೆ ಹೋಗಿ, ಲಾಯದಲ್ಲಿರುವಂಥದ್ದೇ ಹಗ್ಗ ಎರಡು ಮೀಟರ್ ತನ್ನಿ. ನೀರಲ್ಲಿ ನೆನೆಸಿ, ಕಿಟಕಿ ಸರಳಿಗೆ ಬಿಗಿಯಾಗಿ ಕಟ್ಟಿ, ಒಂದೇ ಕೈಯಲ್ಲಿ ತೆರೆದು ಕೊಯ್ದು ನೋಡಿ. ಅಲಗು ನಿಮ್ಮಿಂದ ಆಚೆಗೆ ಹೋಗಬೇಕು. ಬಿಗಿದ ಹಗ್ಗ ತುಂಡಾದಾಗ ಚಾಟಿಯ ಹಾಗೆ ಹಾರುತ್ತದೆ, ಮುಖ ಅದರ ಸಾಲಿನಲ್ಲಿ ಇರಬಾರದು. ಮುಳ್ಳುತಂತಿ ಕತ್ತರಿಸುವಾಗಲೂ ಹೀಗೇ. ಈಗ ಫಾರ್ಮ್‌ಹೌಸ್ ಬೇಲಿಗಳು ಎಲ್ಲ ಕಡೆ ಬಂದಿವೆ, ಇಕ್ಕಳ ಬೇಕೇ ಬೇಕು ಅನ್ನುವುದು ಅದಕ್ಕೆ.

ಜೀನಿನ ಚೀಲದಲ್ಲಿ ದಯವಿಟ್ಟು ಇಡಬೇಡಿ. ನೀವು ಬಿದ್ದು ಕುದುರೆ ಓಡಿದರೆ ಚಾಕೂ ಅದರ ಜೊತೆಗೇ ಹೋಯಿತು. ಸೊಂಟದ ಹಿಂಭಾಗದಲ್ಲೂ ಬೇಡ, ಬೆನ್ನ ಮೇಲೆ ಬಿದ್ದರೆ ಆ ಗಟ್ಟಿ ವಸ್ತು ನೇರವಾಗಿ ಬೆನ್ನುಮೂಳೆಗೆ ಒತ್ತುತ್ತದೆ. ಜಿಪ್ ಇರುವ ಜೇಬು ಒಳ್ಳೆಯದು, ತೊಡೆಯ ಮುಂಭಾಗದ್ದು ಅಥವಾ ವೆಸ್ಟ್‌ನದ್ದು. ಒರೆಯ ಉದ್ದ ಚಾಕು ಬೇಡ ಅನ್ನುವುದಕ್ಕೂ ಇದೇ ಕಾರಣ.

ಗೊರಸಿಗೆ ಚಾಕಿನ ತುದಿ ಹಾಕಲೇಬೇಡಿ. ಹೂಫ್ ಪಿಕ್ ಅಂತ ಬೇರೆಯೇ ಸಿಗುತ್ತದೆ, ಮಡಚುವಂಥದ್ದೂ ಇದೆ. ಹಿಮ್ಮಡಿಯಿಂದ ಮುಂದಕ್ಕೆ ಎಳೆಯಬೇಕು, ನಡುವಿನ ಮೆತ್ತಗಿನ ತ್ರಿಕೋನಕ್ಕೆ ಚುಚ್ಚಬಾರದು. ಲಾಳದ ಒಳಗಡೆ ಜಂಬಿಟ್ಟಿಗೆ ಕಲ್ಲು ಕೂತರೆ ಕುದುರೆ ನಾಲ್ಕು ಹೆಜ್ಜೆಯಲ್ಲೇ ಕುಂಟುತ್ತದೆ, ಹಾಗಾಗಿ ಪಿಕ್ ಕೂಡ ಜೇಬಲ್ಲೇ ಇರಲಿ.

ಠಾಣೆ ವಾಸಿ

ಮೇಲಿನವರು ಹೇಳಿದ್ದು ಸರಿ. ನಾನು ಮಾಥೇರಾನ್‌ಗೆ ಹೋಗುತ್ತಿರುತ್ತೇನೆ. ಅಲ್ಲಿನ ಘೋಡೆವಾಲಾಗಳು ಮರಕ್ಕೆ ಮೊದಲು ಸುತಳಿಯ ಒಂದು ಕುಣಿಕೆ ಹಾಕಿ, ಅದಕ್ಕೆ ಹಗ್ಗ ಕಟ್ಟಿದ್ದನ್ನು ನೋಡಿದ್ದೇನೆ. ಕುದುರೆ ಜೋರಾಗಿ ಜಗ್ಗಿದರೆ ಸುತಳಿಯೇ ಹರಿಯುತ್ತದೆ. ಚಾಕು ತೆಗೆಯುವ ಪ್ರಸಂಗವೇ ಎಷ್ಟೋ ಸಲ ಬರುವುದಿಲ್ಲ.

ಕಾನೂನಿನ ಮಾತು. 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ. ಮಲ್ಟಿಟೂಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಂ ಪ್ರಕಾರ ಪೊಲೀಸರು ಆಗಾಗ ನಿಷೇಧಾಜ್ಞೆ ಹೊರಡಿಸುತ್ತಾರೆ, ಹಬ್ಬ, ಚುನಾವಣೆ ಹತ್ತಿರ ಬಂದಾಗ. ಊರೊಳಗೆ ಜೇಬಲ್ಲಿ ಇಟ್ಟುಕೊಂಡು ತಿರುಗಬೇಡಿ. ಬ್ಯಾಗಿನ ತಳದಲ್ಲಿ ಹೆಲ್ಮೆಟ್, ಪಿಕ್ ಜೊತೆ ಇರಲಿ, ಲಾಯದಲ್ಲಿ ಜೇಬಿಗೆ ಹಾಕಿಕೊಳ್ಳಿ. ಬಟನ್ ಒತ್ತಿದರೆ ಚಿಮ್ಮುವ ಚಾಕು ಬೇಡವೇ ಬೇಡ.

ಶಿರಸಿಯವಳು, ಕೋಥ್ರೂಡ್

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸ್ಕೆಲಿಟೂಲ್ ಅಂತ ತೀರ್ಮಾನ ಮಾಡಿದೆ, ಹಗ್ಗ ತಂದು ಅಭ್ಯಾಸವನ್ನೂ ಮಾಡುತ್ತೇನೆ. ಇನ್ನೊಂದು ಸಂಶಯ. ಗೊರಸಿಗೆ ಮೊಳೆ ಹೊಕ್ಕರೆ ಇಕ್ಕಳದಿಂದ ಎಳೆಯಬಹುದಾ? ಅಣ್ಣನ ವಿಕ್ಟೋರಿನಾಕ್ಸ್ ಮನೆಯಲ್ಲೇ ಬಿಟ್ಟು ಹೋಗಲು ಮನಸ್ಸು ಬರುತ್ತಿಲ್ಲ, ಅದಕ್ಕೇನಾದರೂ ಕೆಲಸ ಇದೆಯಾ?

ಧಾರವಾಡದ ಸವಾರ

ಮೊಳೆ ಎಳೆಯುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಮೊಳೆ ಅಲ್ಲೇ ಇದ್ದರೆ ಎಕ್ಸ್‌ರೇಯಲ್ಲಿ ಎಷ್ಟು ಆಳ, ಯಾವ ಕಡೆ ಅಂತ ಕಾಣುತ್ತದೆ. ತೆಗೆದುಬಿಟ್ಟರೆ ತೂತು ಮುಚ್ಚಿಕೊಂಡು ಜಾಗವೇ ಸಿಗುವುದಿಲ್ಲ. ನಡೆಸದೆ ಗತಿಯಿಲ್ಲ, ಮೊಳೆ ಇನ್ನೂ ಒಳಗೆ ಹೋಗುತ್ತದೆ ಅನ್ನಿಸಿದರೆ ಮಾತ್ರ ಎಳೆಯಿರಿ. ಮೊದಲು ಫೋಟೋ ತೆಗೆದು, ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಮೊಳೆಯನ್ನು ಎಸೆಯಬೇಡಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ಹೋಗುವ ಮೊದಲೇ ಲಸಿಕೆ ಆಗಿದೆಯಾ ಅಂತ ಲಾಯದಲ್ಲಿ ಕೇಳಿ.

ಅಣ್ಣನ ಚಾಕನ್ನು ಖಂಡಿತ ತನ್ನಿ. ಅದರ ಬೆನ್ನಿನ ಕಡೆ ದಬ್ಬಳದಂಥ ಮೊನೆ ಇದೆಯಾ ನೋಡಿ. ಅದರಲ್ಲಿ ದಾರ ಪೋಣಿಸಲು ಸಣ್ಣ ಕಣ್ಣೂ ಇರುತ್ತದೆ. ಸ್ಕೆಲಿಟೂಲ್‌ನಲ್ಲೂ ವೇವ್‌ನಲ್ಲೂ ಇದು ಇಲ್ಲ. ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿಗೆ ಹೊಸ ತೂತು ಹಾಕಲು, ಲಗಾಮಿನ ಹೊಲಿಗೆ ಬಿಟ್ಟರೆ ಮನೆ ಮುಟ್ಟುವ ತನಕ ನಾಲ್ಕು ಹೊಲಿಗೆ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ಮೊನೆಗೆ ಲಾಕ್ ಇಲ್ಲ, ಪಟ್ಟಿಯನ್ನು ಮರದ ತುಂಡಿನ ಮೇಲಿಟ್ಟು ನಿಧಾನವಾಗಿ ತಿರುಗಿಸಿ. ಮೇಣ ಹಚ್ಚಿದ ದಾರ ಒಂದೆರಡು ಮೀಟರ್ ಚಾಕಿನ ಹಿಡಿಗೇ ಸುತ್ತಿಡಿ. ಇದು ಬೇಕಾದರೆ ಜೀನಿನ ಚೀಲದಲ್ಲಿ ಇರಲಿ.