ಪರ್ಮಿಟ್ ಆಫೀಸಿಗೆ ಮಕ್ಕಳನ್ನು ದುಭಾಷಿ ಮಾಡಿ ಕರೆದೊಯ್ಯಬೇಡಿ, ನಮ್ಮಲ್ಲಿ ಯಾರನ್ನಾದರೂ ಕರೆಯಿರಿ

ಜರ್ಮನಿಯಲ್ಲಿರುವ ನಮ್ಮ ಕನ್ನಡದವರೆಲ್ಲರಿಗೂ ನಮಸ್ಕಾರ. ಇಲ್ಲಿ ವಾಸಕ್ಕೆ ಬೇಕಾದ ಪರ್ಮಿಟ್ಟಿನ ರಿನ್ಯೂವಲ್‌ಗೆ ಮಗಳನ್ನೇ ಕರೆದುಕೊಂಡು ಹೋಗಿದ್ದೆವು, ಎಲ್ಲ ಅವಳೇ ಮಾತಾಡಿದಳು ಅಂತ ಮೊನ್ನೆ ಈ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಓದಿ ತುಂಬಾ ಜನ ಖುಷಿಪಟ್ಟರು. ಆ ಮಗುವಿನ ಜರ್ಮನ್ ಬಗ್ಗೆ ನನಗೂ ಖುಷಿಯೇ. ಆದರೆ ಔಸ್‌ಲೆಂಡರ್‌ಬೆಹ್ಯೋರ್ಡೆಗೆ, ಅಂದರೆ ವಿದೇಶಿಯರಿಗೆ ಪರ್ಮಿಟ್ ಕೊಡುವ ಆಫೀಸಿಗೆ, ಮಕ್ಕಳನ್ನು ದುಭಾಷಿ ಮಾಡಿ ಕರೆದೊಯ್ಯುವುದು ನಮ್ಮಲ್ಲಿ ರೂಢಿಯಾಗುವುದು ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಬೇಕರಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರ ಜೊತೆ ಮಕ್ಕಳು ನಮ್ಮ ಪರವಾಗಿ ಮಾತಾಡಲಿ. ಅವರಿಗೂ ಹೆಮ್ಮೆ, ನಮಗೂ ಅನುಕೂಲ. ಪರ್ಮಿಟ್ ಆಫೀಸಿನ ಮಾತೇ ಬೇರೆ. ಅಲ್ಲಿ ಕೇಳುವುದು ಅಪ್ಪನ ಸಂಬಳ ಎಷ್ಟು, ಕೆಲಸದ ಒಪ್ಪಂದ ಯಾವಾಗ ಮುಗಿಯುತ್ತದೆ, ಮನೆ ಎಷ್ಟು ದೊಡ್ಡದು, ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದೀರಾ ಅನ್ನುವಂಥ ಪ್ರಶ್ನೆಗಳು. ಮನೆಯಲ್ಲಿ ಮಕ್ಕಳ ಎದುರಿಗೆ ನಾವು ಆಡದ ಮಾತುಗಳನ್ನು ಅಲ್ಲಿ ಅವರ ಬಾಯಿಂದಲೇ ಹೇಳಿಸುತ್ತೇವೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗಾಯಿತು, ಹೆಸರು ಊರು ಬೇಡ. ಅಪ್ಪನ ಕೆಲಸ ಹೋಗಿತ್ತು. ಐದನೇ ಕ್ಲಾಸಿನ ಹುಡುಗ ಜೊತೆಗೆ ಹೋಗಿದ್ದ. ಅಧಿಕಾರಿ ಹೇಳಿದ್ದರಲ್ಲಿ ಅರ್ಧ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದರಲ್ಲಿ, ಪರ್ಮಿಟ್ಟಿನ ಅವಧಿ ಕಡಿಮೆ ಮಾಡಬಹುದು ಅನ್ನುವುದನ್ನು ಅಪ್ಪನಿಗೆ ಬೇಜಾರಾಗುತ್ತದೆ ಅಂತ ಹೇಳಲೇ ಇಲ್ಲ. ಹೊಸ ಕೆಲಸದ ಕಾಗದ ತಂದುಕೊಡಲು ಒಂದು ಗಡುವು ಕೊಟ್ಟಿದ್ದರು, ಅದೂ ಮಾತಿನಲ್ಲಿ ಬಿಟ್ಟುಹೋಯಿತು. ಆಮೇಲೆ ಪತ್ರ ಬಂದಾಗ ವಿಷಯ ಗೊತ್ತಾಗಿ, ಓಡಾಡಿ, ಹೇಗೋ ಸರಿಹೋಯಿತು. ಆದರೆ ಅಲ್ಲಿಯವರೆಗೆ ಆ ಹುಡುಗ ಸ್ಕೂಲು, ಗೆಳೆಯರು ಎಲ್ಲ ಬಿಟ್ಟು ಹೋಗಬೇಕಾಗುತ್ತದೇನೋ ಅನ್ನುವ ಭಯವನ್ನು ಯಾರಿಗೂ ಹೇಳದೆ ಒಬ್ಬನೇ ಇಟ್ಟುಕೊಂಡಿದ್ದ, ರಾತ್ರಿ ಸರಿಯಾಗಿ ಮಲಗುತ್ತಿರಲಿಲ್ಲ ಅಂತ ಅವರಮ್ಮ ನನ್ನ ಹತ್ತಿರ ಹೇಳಿ ಅತ್ತರು. ಅಷ್ಟು ಚಿಕ್ಕ ಮಗುವಿನ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಜರ್ಮನ್ ಬರದವರು ಏನು ಮಾಡಬೇಕು? ಆಡಳಿತ ಕಾರ್ಯವಿಧಾನದ ಕಾಯಿದೆಯ 23ನೇ ಕಲಮಿನ ಪ್ರಕಾರ ಇಲ್ಲಿನ ಆಫೀಸುಗಳ ಭಾಷೆ ಜರ್ಮನ್. ಅಧಿಕಾರಿ ಇಂಗ್ಲಿಷಿನಲ್ಲಿ ಮಾತಾಡಿದರೆ ಅದು ಅವರ ಒಳ್ಳೆಯತನ, ನಾವು ಹಕ್ಕಿನಿಂದ ಕೇಳುವಂತಿಲ್ಲ. ಆದರೆ ಅದೇ ಕಾಯಿದೆಯ 14ನೇ ಕಲಂ ಅರ್ಜಿದಾರರು ಜೊತೆಗೆ ಒಬ್ಬರನ್ನು ಕರೆತರಬಹುದು ಅನ್ನುತ್ತದೆ. ಅವರಿಗೆ ಬೈಶ್ಟಾಂಡ್ ಅಂತಾರೆ. ಲಾಯರ್ ಆಗಿರಬೇಕಿಲ್ಲ, ಜರ್ಮನ್ ಪ್ರಜೆ ಆಗಿರಬೇಕಿಲ್ಲ. ನಮ್ಮ ಹಾಗೆಯೇ ಪರ್ಮಿಟ್ ಮೇಲೆ ಇರುವವರು ಕೂಡ ಆಗಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ "ನಾನೇ ಇಲ್ಲಿ ಹೊರಗಿನವನು, ನಾನು ಹೋಗಿ ಏನು ಮಾಡಲಿ" ಅಂತ ನಮ್ಮಲ್ಲಿ ಎಷ್ಟೋ ಜನ ಹಿಂಜರಿಯುತ್ತಾರೆ. ಹೊರಗಿನಿಂದ ಬಂದು ಇದೆಲ್ಲ ದಾಟಿದವರಿಗೇ ಇದು ಚೆನ್ನಾಗಿ ಗೊತ್ತಿರುವುದು. ಯಾವ ಕಾಗದ ಮೊದಲು ಕೇಳುತ್ತಾರೆ, ಎಲ್ಲಿ ಜನ ತಡವರಿಸುತ್ತಾರೆ ಅನ್ನುವುದು ಇಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಾಗುವುದು ಕಷ್ಟ.

ಆ ಕಲಮಿನಲ್ಲೇ ಇನ್ನೊಂದು ಮಾತಿದೆ, ಹೋಗುವವರು ನೆನಪಿಡಬೇಕು. ಬೈಶ್ಟಾಂಡ್ ಆಡಿದ ಮಾತನ್ನು ಅರ್ಜಿದಾರರು ಅಲ್ಲೇ ತಕ್ಷಣ ಅಲ್ಲಗಳೆಯದಿದ್ದರೆ, ಅದು ಅರ್ಜಿದಾರರೇ ಹೇಳಿದಂತೆ ಲೆಕ್ಕ. ಆದ್ದರಿಂದ ಸಹಾಯಕ್ಕೆ ಹೋದವರು ಉತ್ಸಾಹದಲ್ಲಿ ಮುಂದೆ ಬಿದ್ದು ಉತ್ತರ ಕೊಡಬಾರದು. ಅಧಿಕಾರಿ ಕೇಳಿದ್ದನ್ನು ಅರ್ಜಿದಾರರಿಗೆ ಪೂರ್ತಿ ಹೇಳಿ, ಅರ್ಜಿದಾರರು ಹೇಳಿದ್ದನ್ನು ಅಧಿಕಾರಿಗೆ ಪೂರ್ತಿ ಹೇಳಿ. ಮಧ್ಯದಲ್ಲಿ ಏನೂ ಸೇರಿಸಬೇಡಿ, ಏನೂ ಬಿಡಬೇಡಿ.

ನಿಜವಾದ ಕೆಲಸ ಇರುವುದು ಟರ್ಮೀನ್‌ಗೆ, ಅಂದರೆ ಆಫೀಸಿನವರು ಭೇಟಿಗೆ ಕೊಟ್ಟ ಸಮಯಕ್ಕೆ, ಮುಂಚೆ. ಒಂದು ಸಂಜೆ ಕೂತು ಕಾಗದ ಜೋಡಿಸಿದರೆ ಮುಕ್ಕಾಲು ಆತಂಕ ಹೋಗುತ್ತದೆ. ಪಾಸ್‌ಪೋರ್ಟಿನ ಅವಧಿ ಸಾಕಷ್ಟು ಇದೆಯಾ, ವಿಳಾಸ ನೋಂದಣಿ ಕಾಗದ, ಬಾಡಿಗೆ ಕರಾರು, ಆರೋಗ್ಯ ವಿಮೆಯ ಪತ್ರ, ಇತ್ತೀಚಿನ ಸಂಬಳದ ಚೀಟಿಗಳು, ಮಕ್ಕಳ ಜನನ ಪ್ರಮಾಣಪತ್ರ. ಹೊಸ ಪರ್ಮಿಟ್ ಕಾರ್ಡಿಗೆ 2025ರ ಮೇಯಿಂದ ಡಿಜಿಟಲ್ ಫೋಟೊ ನಿಯಮ ಬಂದಿದೆ, ಪೇಪರ್ ಫೋಟೊ ತೆಗೆಸಿ ಸುಮ್ನೆ ದುಡ್ಡು ಕಳೆಯಬೇಡಿ. ಎಲ್ಲಕ್ಕಿಂತ ಮುಖ್ಯವಾದ ವಿಷಯ ತಾರೀಖು. ಕೈಯಲ್ಲಿರುವ ಪರ್ಮಿಟ್ಟಿನ ಅವಧಿ ಮುಗಿಯುವ ಮುಂಚೆಯೇ ರಿನ್ಯೂವಲ್ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಹಳೆಯದೇ ಮುಂದುವರಿದ ಹಾಗೆ. ವಾಸದ ಕಾಯಿದೆಯ 81ನೇ ಕಲಮಿನಲ್ಲಿ ಇದಿದೆ. ಅದಕ್ಕೆ ಸಾಕ್ಷಿಯಾಗಿ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಅನ್ನುವ ಕಾಗದ ಕೊಡುತ್ತಾರೆ. ಟರ್ಮೀನ್ ಸಿಗುತ್ತಿಲ್ಲ ಅಂತ ಕಾಯುತ್ತಾ ಕೂತು ಅವಧಿ ಮೀರಿಸಿಕೊಂಡವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಟರ್ಮೀನ್ ಬೇರೆ, ಅರ್ಜಿ ಬೇರೆ. ಟರ್ಮೀನ್ ತಡವಾದರೂ ಅರ್ಜಿಯನ್ನು ಆನ್‌ಲೈನಿನಲ್ಲೋ ಬರಹದಲ್ಲೋ ಕಳಿಸಿ, ಕಳಿಸಿದ ಪುರಾವೆ ಇಟ್ಟುಕೊಳ್ಳಿ.

ಈಗ ಪುಟ್ಟ ಮಕ್ಕಳ ವಿಷಯ. ಸಹಾಯ ಅತ್ಯಂತ ಜಾಸ್ತಿ ಬೇಕಾಗುವುದು ಇಲ್ಲಿ. ಹೆರಿಗೆಯಾದ ಮನೆ, ಊರಿನಿಂದ ಬಂದ ಅಜ್ಜಿಗೆ ಜರ್ಮನ್ ಬರುವುದಿಲ್ಲ, ಅಮ್ಮನಿಗೆ ಏಳಲು ಆಗುವುದಿಲ್ಲ, ಅಪ್ಪನಿಗೆ ರಜೆ ಕಡಿಮೆ. ಅಷ್ಟರಲ್ಲಿ ಒಂದರ ಹಿಂದೆ ಒಂದು ಗಡುವು ಶುರುವಾಗುತ್ತದೆ. ಶ್ಟಾಂಡೆಸಾಮ್ಟ್ ಅನ್ನುವ ಜನನ ಮರಣ ನೋಂದಣಿ ಕಚೇರಿಯಿಂದ ಜನನ ಪ್ರಮಾಣಪತ್ರ, ಅದನ್ನು ಹಿಡಿದು ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಮತ್ತು ಪಾಸ್‌ಪೋರ್ಟ್, ಅದಾದ ಮೇಲೆ ಮಗುವಿನ ಪರ್ಮಿಟ್. ಇಲ್ಲಿ ಹುಟ್ಟಿದ ಮಗುವಿಗೆ ಆಫೀಸೇ ತಾನಾಗಿ ಪರ್ಮಿಟ್ ಕೊಡದಿದ್ದರೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಭಾರತದ ಪೌರತ್ವಕ್ಕಾಗಿ ಹುಟ್ಟಿದ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು, ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಮಕ್ಕಳಿಗಾಗಿ ಸರ್ಕಾರ ಕೊಡುವ ಕಿಂಡರ್‌ಗೆಲ್ಡ್ ಭತ್ಯೆಗೆ ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. 2026ರಿಂದ ಅದು ತಿಂಗಳಿಗೆ 259 ಯೂರೊ, ಬಿಡುವಂಥ ದುಡ್ಡಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರು ಐದು ವರ್ಷದಿಂದ ಕಾನೂನುಬದ್ಧವಾಗಿ ಇಲ್ಲಿದ್ದು, ಕಾಯಂ ವಾಸದ ಹಕ್ಕೂ ಇದ್ದರೆ ಮಗು ಹುಟ್ಟುತ್ತಲೇ ಜರ್ಮನ್ ಪ್ರಜೆ. 2024ರ ಜೂನ್‌ವರೆಗೆ ಇದಕ್ಕೆ ಎಂಟು ವರ್ಷ ಬೇಕಿತ್ತು. ಹಳೆಯ ಲೆಕ್ಕ ಇಟ್ಟುಕೊಂಡು ಕೂತವರು ಇನ್ನೂ ಇದ್ದಾರೆ.

ಹೆಸರಿನ ಗೊಂದಲವಂತೂ ನಮ್ಮವರಿಗೇ ಮೀಸಲು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ. ಇರುವುದು ಊರಿನದ್ದೋ ಅಪ್ಪನದ್ದೋ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಅಲ್ಲಿ ಅಪ್ಪನ ಹೆಸರು. ಗಂಡನದ್ದೊಂದು ರೀತಿ, ಹೆಂಡತಿಯದ್ದೊಂದು ರೀತಿ. ಶ್ಟಾಂಡೆಸಾಮ್ಟ್‌ನವರು ಮಗುವಿನ ಕುಟುಂಬದ ಹೆಸರು ಯಾವುದು ಅಂತ ಕೇಳಿದಾಗ ಉತ್ತರ ಕೊಡುವುದು ಹೇಗೆ? ಜರ್ಮನ್ ಸ್ನೇಹಿತರೊಬ್ಬರು ಜೊತೆಗೆ ಬಂದರೂ ಅವರಿಗೆ ಇದು ಅರ್ಥವಾಗುವುದಿಲ್ಲ, ದುಡ್ಡು ಕೊಟ್ಟು ಕರೆತಂದ ದುಭಾಷಿಗೂ ಆಗಲಿಕ್ಕಿಲ್ಲ. ನಮ್ಮ ಪದ್ಧತಿ ಗೊತ್ತಿರುವ ಕನ್ನಡದವರೊಬ್ಬರು ಪಕ್ಕದಲ್ಲಿದ್ದು ನಿಧಾನವಾಗಿ ವಿವರಿಸಿದರೆ ಅಧಿಕಾರಿಗಳು ಕೇಳಿಸಿಕೊಳ್ಳುತ್ತಾರೆ, ನಾನು ನೋಡಿದ್ದೇನೆ. ಒಮ್ಮೆ ದಾಖಲಾದ ಹೆಸರನ್ನು ಆಮೇಲೆ ಬದಲಿಸುವುದು ದೊಡ್ಡ ತಲೆನೋವು. ಹೆರಿಗೆಗೆ ಮುಂಚೆಯೇ ಹೋಗಿ ಕೇಳಿಕೊಂಡು ಬನ್ನಿ.

ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಹೇಳಬೇಕು. ಇಲ್ಲಿ ಕಾನೂನು ಸಲಹೆ ಕೊಡುವುದಕ್ಕೆ ಒಂದು ಕಾಯಿದೆಯೇ ಇದೆ, 2008ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯವರಿಗೆ, ನೆರೆಯವರಿಗೆ, ಅಂಥದೇ ಹತ್ತಿರದವರಿಗೆ ದುಡ್ಡಿಲ್ಲದೆ ಸಲಹೆ ಕೊಡಬಹುದು. ಅದರಾಚೆಯವರಿಗೆ ಕೊಡುವುದಾದರೆ ಉಚಿತವಾಗಿದ್ದರೂ ಕಾನೂನು ಬಲ್ಲ ಅರ್ಹರ ಮಾರ್ಗದರ್ಶನ ಇರಬೇಕು. ಅಂದರೆ ಫಾರ್ಮ್ ತುಂಬಲು ಕೈ ಕೊಡಿ, ಜೊತೆಗೆ ಹೋಗಿ, ಮಾತು ದಾಟಿಸಿ. "ನಿಮ್ಮ ಕೇಸಿನಲ್ಲಿ ಹೀಗೆ ಮಾಡಿ, ಗೆದ್ದೇ ಗೆಲ್ಲುತ್ತೀರಿ" ಅಂತ ಮಾತ್ರ ಹೇಳಬೇಡಿ. ನಿರಾಕರಣೆ ಪತ್ರ ಬಂದರೆ ಪ್ರಶ್ನಿಸಲು ಸಾಮಾನ್ಯವಾಗಿ ಒಂದೇ ತಿಂಗಳು, ಅಂಥದನ್ನು ಅವತ್ತೇ ಲಾಯರ್ ಹತ್ತಿರ ಕಳಿಸಿ. ದೊಡ್ಡವರಿಗೆ ಎಂಬಿಇ ಅನ್ನುವ ಉಚಿತ ವಲಸೆ ಸಲಹಾ ಕೇಂದ್ರಗಳಿವೆ. ಸರ್ಕಾರದ ದುಡ್ಡಿನಲ್ಲಿ ಕಾರಿಟಾಸ್, ಡಿಯಾಕೊನಿ, ರೆಡ್ ಕ್ರಾಸ್‌ನಂಥ ಸಂಸ್ಥೆಗಳು ನಡೆಸುತ್ತವೆ. ಅಲ್ಲಿನ ಸಲಹೆಗಾರರ ಜೊತೆ ಎಂಬಿಯಾನ್ ಆಪ್‌ನಲ್ಲಿ ಚಾಟ್ ಕೂಡ ಮಾಡಬಹುದು. 12ರಿಂದ 27ರೊಳಗಿನ ಮಕ್ಕಳು ಯುವಕರಿಗೆ ಬೇರೆಯೇ ಕೇಂದ್ರಗಳಿವೆ. ನಮ್ಮವರು ಇವನ್ನು ಬಳಸುವುದೇ ಕಡಿಮೆ. ಇದೆಲ್ಲ ನಿರಾಶ್ರಿತರಿಗೆ ಮಾತ್ರ ಅಂದುಕೊಂಡಿದ್ದಾರೆ, ಹಾಗೇನಿಲ್ಲ.

ದುಡ್ಡು ತೆಗೆದುಕೊಳ್ಳಬೇಡಿ, ಪೆಟ್ರೋಲಿಗೆ ಅಂತಲೂ ಬೇಡ. ಒರಿಜಿನಲ್ ಪಾಸ್‌ಪೋರ್ಟ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಫೋನಿಗೆ ಬಂದ ಕಾಗದಗಳ ಫೋಟೊಗಳನ್ನು ಕೆಲಸ ಮುಗಿದ ದಿನವೇ ಅಳಿಸಿ. ಒಂದು ಮನೆಯ ಸಂಬಳದ ವಿಷಯ ಇನ್ನೊಂದು ಮನೆಯ ಊಟದ ಟೇಬಲ್ಲಿಗೆ ಬರಬಾರದು. ನಮ್ಮ ಗುಂಪು ಚಿಕ್ಕದು, ಒಂದು ಸಲ ನಂಬಿಕೆ ಕೆಟ್ಟರೆ ಜನ ಮತ್ತೆ ಮಕ್ಕಳನ್ನೇ ಕರೆದುಕೊಂಡು ಹೋಗುತ್ತಾರೆ. ದುಡ್ಡು ಕೊಟ್ಟರೆ ಟರ್ಮೀನ್ ಕೊಡಿಸುತ್ತೇವೆ ಅನ್ನುವವರ ನಂಬರನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

"ಇಷ್ಟು ವರ್ಷವಾಯಿತು, ಭಾಷೆ ಕಲಿಯಬಾರದಾ" ಅಂತ ಕೆಲವರು ಕೇಳುತ್ತಾರೆ. ಕಲಿಯಬೇಕು, ಖಂಡಿತ. ಬ್ಲೂ ಕಾರ್ಡ್ ಅನ್ನುವ ನುರಿತ ಕೆಲಸಗಾರರ ಪರ್ಮಿಟ್ ಇರುವವರಿಗೆ ಜರ್ಮನ್ ಭಾಷೆಯ ಮೊದಲ ಮಟ್ಟ ಎ1 ಇದ್ದರೆ 27 ತಿಂಗಳಿಗೆ, ಅದಕ್ಕಿಂತ ಎರಡು ಮಟ್ಟ ಮೇಲಿನ ಬಿ1 ಇದ್ದರೆ 21 ತಿಂಗಳಿಗೇ ಕಾಯಂ ಪರ್ಮಿಟ್‌ಗೆ ದಾರಿ ಇದೆ, ಕಲಿತರೆ ಲಾಭವೇ. ಆದರೆ ಎ2 ಮುಗಿಸಿದವರಿಗೂ ಕಚೇರಿಯ ಪತ್ರದ ಭಾಷೆ ಕಬ್ಬಿಣದ ಕಡಲೆ. ಚಿಕ್ಕ ಮಗು ಸೊಂಟದಲ್ಲಿ ಇರುವ ತಾಯಿಗೆ ಸಂಜೆ ಕ್ಲಾಸಿಗೆ ಹೋಗಲು ಸಮಯ ಸಿಗಬೇಕಲ್ಲ. ಅವರು ಕಲಿಯುವವರೆಗೆ ಜೊತೆಗೆ ಹೋಗುವುದು ನಮ್ಮಿಂದ ಆಗುವ ಕೆಲಸ.

ಬಿ2 ಮಟ್ಟದ ಜರ್ಮನ್ ಇರುವವರು, ತಿಂಗಳಿಗೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಬಲ್ಲವರು ನಿಮ್ಮ ಊರು ಮತ್ತು ಯಾವ ವಾರ ಆಗುತ್ತದೆ ಅಂತ ಕೆಳಗೆ ಬರೆಯಿರಿ. ಫೋನ್ ನಂಬರ್ ಹಾಕಬೇಡಿ, ನಾನೇ ಖಾಸಗಿಯಾಗಿ ಮೆಸೇಜ್ ಮಾಡುತ್ತೇನೆ. ಸಹಾಯ ಬೇಕಾದವರು ಟರ್ಮೀನ್ ತಾರೀಖು ಮತ್ತು ಯಾವ ಕೆಲಸಕ್ಕೆ ಅನ್ನುವುದನ್ನಷ್ಟೇ ತಿಳಿಸಿ. ಮಗಳನ್ನು ಕರೆದುಕೊಂಡು ಹೋದ ವಿಷಯ ಬರೆದಿದ್ದ ಅಕ್ಕ, ಕಾರ್ಡ್ ತರಲು ಇನ್ನೊಂದು ಸಲ ಹೋಗಬೇಕಲ್ಲ, ಆವತ್ತು ಮಗಳು ಸ್ಕೂಲಿಗೆ ಹೋಗಲಿ. ನಾನು ಬರುತ್ತೇನೆ.